ಬಜರ್ ಕೆಟ್ಟಿದೆ

...ಇಳಿಯಲ್ಲ ಅಂದ್ರೆ ಇಳಿಯಲ್ಲ ಕಣೋ. ಇನ್ನೆಷ್ಟು ಸಲ ಹೇಳಲಿ? ನಾಳೆ ಬೆಳಗ್ಗೆ ಈ ಕಟಾವು ಮಷೀನು ಶೆಡ್ಡಿಂದ ಆಚೆ ಹೋದ್ರೆ ಅದರ ಸೀಟಿನ ಮೇಲೆ ನಾನು ಕೂತಿರ್ತೀನಿ. ನಿನ್ನ ಹೆಂಡ್ತಿ ಅಲ್ಲ. ಅವಳು ಓಡಿಸೋದು ಕಲಿತಿದ್ದಾಳಂತೆ. ಕಲೀಲಿ, ಬೇಡ ಅಂದೋರು ಯಾರು? ನಾನು ಸತ್ತ ಮೇಲೆ ಓಡಿಸ್ಲಿ. ಅಪ್ಪ ಹೋದ ಮೇಲೆ ಈ ಸೀಟಿನ ಮೇಲೆ ನನ್ನ ಬಿಟ್ಟು ಇನ್ನೊಬ್ಬರು ಕೂತಿಲ್ಲ. ಈಗ ನೀನು ಬೆರಳಿಗೆ ಪಟ್ಟಿ ಕಟ್ಕೊಂಡು ಬಂದು, ಸ್ವಂತ ಅಕ್ಕನ್ನ ಇಳಿ ಅಂತೀಯ.

ಏನು? ಕತ್ತಲಲ್ಲಿ ನಿಂತ್ಕೊಂಡು ಗೊಣಗಬೇಡ. ಬೆಳಕಿಗೆ ಬಾ. ಮೂತಿಗೆ ಕಟ್ಟಿರೋ ಆ ಬಟ್ಟೆ ಬಿಚ್ಚು ಮೊದಲು. ನಾತ ಅಂತೆ, ನಾತ. ಇದರೊಳಗೆ ಮೊಣಕೈ ತನಕ ಕೈ ಇಟ್ಟಿರೋಳು ನಾನು, ನನಗಿಲ್ಲದ ನಾತ ಅಲ್ಲಿ ದೂರ ನಿಂತಿರೋ ನಿನಗೆ. ಬಿಚ್ಚು. ಹಾಂ, ಹಾಗೆ. ಮನುಷ್ಯರ ಮುಖ ಕಂಡ್ರೆ ಮಾತಾಡಬಹುದು.

ಬಗ್ಗಿ ನೋಡು ಇಲ್ಲಿ. ಬಾರೋ, ಕಚ್ಚಲ್ಲ. ಕಾಳು ಮೇಲಕ್ಕೆ ಏರಿಸೋ ಚೈನ್ ಇದೆಯಲ್ಲ, ಅದರ ತಳದ ಮುಚ್ಚಳ ಇದು. ಹೋದ ವರ್ಷ ಕಟಾವು ಮುಗಿದಾಗ ಹೇಳಿದ್ದೆ, ತಮ್ಮಾ, ಇದನ್ನ ಬಿಚ್ಚಿ ಬಡಿದು ಒಣಗಿಸಿ ಹಾಕು ಅಂತ. ಹಾಕಿದ್ದೀಯ ನೋಡು. ಇದು ಕಾಳಾ? ಇದನ್ನ ಕಾಳು ಅಂತಾರಾ? ಮೊಳಕೆ ಬಂದು, ಮೊಳಕೆ ಕೊಳೆತು, ಕೊಳೆತದ್ದರ ಮೇಲೆ ಬೂಷ್ಟು ಬಂದು... ಥೂ. ಕೈಗೆ ಅಂಟಿದ್ದು ಬಿಡ್ತಾನೇ ಇಲ್ಲ. ಜನ ಇದರಿಂದ ಬಿದ್ದ ಕಾಳನ್ನ ಚೀಲಕ್ಕೆ ತುಂಬಿಸಿಕೊಂಡು ಹೋಗಿ ಬೀಸಿಸಿ ಉಣ್ತಾರೆ ಕಣೋ. ಅವರ ಹೊಟ್ಟೆಗೆ ಹೋಗೋದು ಇದರ ಮೇಲಿಂದ ಹಾದು ಹೋಗಿದ್ದು. ನೆನೆಸಿಕೊಂಡ್ರೆ ನನಗೆ ಇವತ್ತು ಊಟ ಸೇರಲ್ಲ.

ಈ ಪಕ್ಕದ ತಗಡು ತೆಗೆದಾಗ ಏನು ಸಿಕ್ತು ಗೊತ್ತಾ? ಇಲಿ ಗೂಡು. ಮೂರು ದಿನ ನಿಂತಿದ್ದಕ್ಕೇ ಸಂಸಾರ ಹೂಡಿಬಿಟ್ಟಿದೆ. ನಿನ್ನ ಹಳೇ ಬನಿಯನ್ ಚೂರು ಚೂರು ಮಾಡಿ ಹಾಸಿಗೆ ಮಾಡ್ಕೊಂಡು, ಅದರಲ್ಲಿ ಮರಿ. ಕಣ್ಣು ಬಿಟ್ಟಿಲ್ಲ, ಕೂದಲಿಲ್ಲ, ಕೆಂಪಗೆ ಹಸಿ ಮಾಂಸದ ಹಾಗೆ ಮಿಸುಕಾಡ್ತಿದ್ವು. ಏನು ಮಾಡಿದೆ ಅಂತ ಕೇಳಬೇಡ. ಏನು ಮಾಡಬೇಕೋ ಅದು ಮಾಡಿದೆ. ಅವು ವೈರ್ ಕಡಿದು ಹಾಕಿದ್ರೆ ನಾಳೆ ನಡು ಹೊಲದಲ್ಲಿ ಬೆಂಕಿ.

ಯಾಕೆ ನಗ್ತೀಯ? ಬನಿಯನ್ ಅಂದಿದ್ದಕ್ಕಾ? ನಗು, ನಗು. ಬನಿಯನ್ ನಿಂದು, ಗೂಡು ಇಲೀದು, ಹೇಸಿಗೆ ಬಾಚೋಳು ನಾನು.

ಆ ಗ್ರೀಸ್ ಗನ್ ಈ ಕಡೆ ತಳ್ಳು. ಪಟ್ಟಿ ಕಟ್ಟಿರೋ ಕೈಯಲ್ಲಲ್ಲ, ಇನ್ನೊಂದರಲ್ಲಿ. ಆ ಕೈಗೆ ಗ್ರೀಸ್ ತಾಗಿದ್ರೆ ಕೀವಾಗುತ್ತೆ, ಆಮೇಲೆ ಅದನ್ನೂ ನಾನೇ ತೊಳೀಬೇಕು. ನೀನು ಮುಟ್ಟಬೇಡ, ನಿಂತು ನೋಡು ಸಾಕು. ಇಲ್ಲಿ, ಈ ಬೆಲ್ಟಿನ ಹಿಂದೆ, ಸಣ್ಣ ಮೊಳೆ ತಲೆ ಹಾಗೆ ಕಾಣುತ್ತಲ್ಲ, ಇದು ನಿಪ್ಪಲ್, ಗ್ರೀಸ್ ಒಳಗೆ ಹೋಗೋ ಬಾಯಿ. ಕಾಣುತ್ತಾ? ಕಾಣಲ್ಲ. ಯಾಕೆ ಕಾಣಲ್ಲ? ಮೇಲೆ ಒಂದು ಬೆರಳು ದಪ್ಪ ಮಣ್ಣು ಮೆತ್ಕೊಂಡಿದೆ. ಮೊದಲು ಒರೆಸಬೇಕು, ಆಮೇಲೆ ಒತ್ತಬೇಕು. ಒರೆಸದೆ ಒತ್ತಿದ್ರೆ ಬೇರಿಂಗಿಗೆ ಮಣ್ಣಿನ ತುತ್ತು ತಿನ್ನಿಸಿದ ಹಾಗೆ. ಮಣ್ಣು ತಿಂದ ಬೇರಿಂಗ್ ಎಷ್ಟು ದಿನ ಬದುಕುತ್ತೆ? ನೀನು ಒರೆಸಿದ್ದೆ ಅಂತ ಮಾತ್ರ ಹೇಳಬೇಡ. ಅಂಗೈ ಹುಣ್ಣಿಗೆ ಕನ್ನಡಿ ಬೇಡ, ಕಣ್ಣೆದುರಿಗೇ ಇದೆ.

ನೋಡು, ಒತ್ತಿದ್ರೆ ಏನು ಬರ್ತಾ ಇದೆ ನೋಡು ಅಂಚಲ್ಲಿ. ಕಪ್ಪು. ಗಟ್ಟಿ. ಮರಳು ಮರಳು. ಹಳೇದೆಲ್ಲ ಕಕ್ಕಬೇಕು ಇದು. ಕಕ್ಕೀ ಕಕ್ಕೀ ಹೊಸದು ಹಳದಿಯಾಗಿ ಕಾಣೋ ತನಕ ಬಿಡಬಾರದು. ಛೀ, ಮುಂಗೈ ಮೇಲೇ ಬಿತ್ತು. ಇದರ ವಾಸನೆ ಮೂರು ಸಲ ಸೋಪು ಹಾಕಿದ್ರೂ ಹೋಗಲ್ಲ. ಅನ್ನ ಕಲಸೋವಾಗ ಬರುತ್ತೆ, ನೀರು ಕುಡಿಯೋವಾಗ ಬರುತ್ತೆ. ಮದುವೆ ಯಾಕಾಗಲಿಲ್ಲ ಅಂತ ಕೇಳ್ತಾರಲ್ಲ ಜನ, ಇದೇ ಕಣೋ ಕಾರಣ. ಗ್ರೀಸ್ ನಾತದ ಹೆಂಗಸಿನ ಪಕ್ಕ ಯಾವ ಗಂಡಸು ಮಲಗ್ತಾನೆ?

ಸರಿ, ಸುಮ್ಮನೆ ಅಂದೆ. ಮುಖ ಹಾಗೆ ಮಾಡ್ಕೋಬೇಡ.

ಇನ್ನು ಅಡಿಗೆ ಹೋಗಬೇಕು. ಗೋಣಿ ಹಾಸು. ಅಡಿಯಲ್ಲಿ ನಾಲ್ಕಾರು ನಿಪ್ಪಲ್ ಇವೆ, ಯಾರ ಕಣ್ಣಿಗೂ ಬೀಳದವು, ಅದಕ್ಕೇ ಯಾರೂ ಮುಟ್ಟದವು...

...ಅಪ್ಪಾ. ಸೊಂಟ ಹೋಯ್ತು. ಕಣ್ಣಲ್ಲೆಲ್ಲ ಹೊಟ್ಟು. ಏನೋ ಅಂತಿದ್ದೆಯಾ ನೀನು, ನಾನು ಅಡಿಯಲ್ಲಿದ್ದಾಗ? ನಿನ್ನ ಕಾಲು ಅತ್ತಿಂದಿತ್ತ ಆಡ್ತಿತ್ತು, ಸಿಟ್ಟು ಬಂದಾಗ ಆಡೋ ಹಾಗೆ. ಏನಂದೆ? ನಾನು ಬೇಕಂತಲೇ ಮಾತಾಡಲಿಲ್ಲ. ಮಲಗಿ ಕೆಲಸ ಮಾಡೋವಾಗ ಬಾಯಿ ಬಿಟ್ರೆ ಹೊಟ್ಟು ಬೀಳುತ್ತೆ. ಈಗ ಹೇಳು. ನಿಧಾನವಾಗಿ ಹೇಳು.

ಹಾಂ. ಮತ್ತೆ ಅದೇ. "ಅಕ್ಕ, ನೀನು ದಣಿದಿದ್ದೀಯ." ದಣಿದಿರೋದು ನಾನಲ್ಲ ಕಣೋ, ಈ ಮಷೀನು. ಇದನ್ನ ನೋಡಿಕೊಳ್ಳೋರಿಲ್ಲದೆ ದಣಿದಿದೆ. ನಿನ್ನ ಹೆಂಡ್ತಿ ಹೇಳಿಕೊಟ್ಟ ಮಾತಲ್ವಾ ಅದು? ನನಗೆ ಗೊತ್ತಾಗಲ್ಲ ಅಂದ್ಕೊಂಡಿದ್ದೀರ. ಅಡುಗೆಮನೆಯಲ್ಲಿ ನೀವಿಬ್ಬರೂ ನಿಂತು ಗುಸುಗುಸು ಅಂತೀರ. ನಾನು ಒಳಗೆ ಕಾಲಿಟ್ಟ ತಕ್ಷಣ ಅವಳು ಸಿಂಕಿನ ಕಡೆ ತಿರುಗಿ ಪಾತ್ರೆ ತೊಳೀತಾ ಮಾತಾಡ್ತಾಳೆ. ಮಾತಾಡೋಳು ಮುಖ ಕೊಟ್ಟು ಮಾತಾಡಬೇಕು. ಗೋಡೆ ಜೊತೆ ಮಾತಾಡಿದ ಹಾಗೆ ಮಾತಾಡೋದು ಯಾವ ಮರ್ಯಾದೆ? ಈಗಿನ ಕಾಲದೋರು ಎಲ್ಲರೂ ಹೀಗೇ. ಬಾಯಲ್ಲಿ ಅಡಿಕೆ ಇಟ್ಕೊಂಡಿರೋ ಹಾಗೆ ಮಾತಾಡ್ತಾರೆ. ಬ್ಯಾಂಕಿನೋನು ಹಾಗೆ, ಅಂಗಡಿಯೋನು ಹಾಗೆ, ಡಾಕ್ಟರಂತೂ ಮೂತಿಗೆ ಮಾಸ್ಕ್ ಹಾಕ್ಕೊಂಡು... ಆವತ್ತು ನಿನ್ನ ಬೆರಳಿಗೆ ಹೊಲಿಗೆ ಹಾಕೋವಾಗ ಅವನು ಏನು ಕೇಳಿದನೋ ಏನೋ. ನಾನು ಸುಮ್ಮನೆ ಹೂಂ ಹೂಂ ಅಂದೆ. ನೀನೇ ಎಲ್ಲದಕ್ಕೂ ಉತ್ತರ ಕೊಟ್ಟೆ.

ಏನು ಹೇಳಿದೆ ಅವನಿಗೆ? ಅಲ್ಲ, ಗೊತ್ತು ನನಗೆ. "ನನ್ನದೇ ತಪ್ಪು" ಅಂದೆ. ನಿನ್ನ ಬಾಯಿ ನೋಡ್ತಾನೇ ಇದ್ದೆ ನಾನು.

ತಪ್ಪು ನಿನ್ನದೇ, ಇನ್ಯಾರದು? ನಾನು ಎಷ್ಟು ವರ್ಷದ ಹಿಂದೆ ನಿಯಮ ಮಾಡಿದ್ದೀನಿ? ಹೇಳು, ನಮ್ಮ ಮಷೀನಿನಲ್ಲಿ ನಿಯಮ ಏನು? ಅಪ್ಪನ ಕಾಲದಲ್ಲಿ ಬೇರೆ ಇತ್ತು. ಮುಂದಿನ ಕಟ್ಟರ್ ಕಟ್ಟಿಕೊಂಡ್ರೆ ಒಬ್ಬರು ಕೆಳಗಿಳಿದು ಹುಲ್ಲು ಕೀಳಬೇಕು, ಕಿತ್ತಾದ ಮೇಲೆ "ಆಯ್ತೂ" ಅಂತ ಕೂಗಬೇಕು. ಆ ಕೂಗು ಕಿವಿಗೆ ಬೀಳೋ ತನಕ ಮೇಲಿರೋರು ಕಟ್ಟರ್ ಓಡಿಸೋ ಲಿವರ್ ಮುಟ್ಟಬಾರದು. ಅಪ್ಪ ಹಾಗೆ ಮಾಡ್ತಿದ್ದ. ನಾನು ಬಂದು ಅದನ್ನ ನಿಲ್ಲಿಸಿದೆ. ಹೊಲದ ಮಧ್ಯೆ ದನ ಕಾಯೋರ ಹಾಗೆ ಅರಚಾಡೋದು ನನಗೆ ಅಸಹ್ಯ. ಬಾಯಿ ಬೇಡ, ಕೈ ಸನ್ನೆ ಸಾಕು. ಕೈ ಎತ್ತಿದ್ರೆ ಮುಗೀತು ಅಂತ ಅರ್ಥ, ನಾನು ಲಿವರ್ ಎಳೀತೀನಿ. ಚೊಕ್ಕವಾದ ನಿಯಮ. ಇಷ್ಟು ವರ್ಷ ನಡೆದಿದೆ.

ಆವತ್ತು ನೀನು ಕೈ ಎತ್ತಿದೆ. ಎತ್ತಿದ್ಯೋ ಇಲ್ವೋ? ಎಡಗೈ ಎತ್ತಿದ್ದನ್ನ ನಾನು ಈ ಕಣ್ಣಾರೆ ನೋಡಿದೆ. ಬೆವರು ಒರೆಸೋಕೆ ಎತ್ತಿದ್ದು ಅಂತ ನನಗೆ ಹೇಗೆ ಗೊತ್ತಾಗಬೇಕು? ಬಲಗೈ ಇನ್ನೂ ಒಳಗಿದೆ ಅಂತ ಹೇಗೆ ಗೊತ್ತಾಗಬೇಕು? ನೀನು ಕೂಗಲೂ ಇಲ್ಲ. ಒಂದು ಸಲ "ಅಕ್ಕಾ" ಅಂದಿದ್ರೆ ಸಾಕಿತ್ತು. ಇಂಜಿನ್ ಮೆಲ್ಲಗೆ ಓಡ್ತಿತ್ತು, ಕ್ಯಾಬಿನ್ ಬಾಗಿಲು ತೆಗೆದೇ ಇತ್ತು, ನೀನು ಅಷ್ಟು ಹತ್ತಿರ ಇದ್ದೆ. ಕೂಗಿದ್ರೆ ನಾನು ಎಳೀತಿದ್ನಾ? ನಿನ್ನ ಹೆತ್ತವಳಲ್ಲ ನಾನು, ಆದರೆ ಅಮ್ಮ ಹೋದ ಮೇಲೆ ನಿನ್ನ ಮೂಗಿನ ಸಿಂಬಳ ಒರೆಸಿದವಳು. ನಿನ್ನ ಬೆರಳು ನನಗೆ ಬೇಡವಾ?

ತಲೆ ತಗ್ಗಿಸಬೇಡ. ತಲೆ ಎತ್ತು, ನನ್ನ ನೋಡು. ನೀನು ಕೂಗಲಿಲ್ಲ. ಅಷ್ಟೇ.

ಬಿಡು. ಆಗಿದ್ದು ಆಯ್ತು. ಉಗುರಿನ ಭಾಗ ತಾನೆ ಹೋಗಿದ್ದು... ನಾನು ಹಾಗೆ ಅನ್ನಬಾರದು. ರಾತ್ರಿ ಕಣ್ಣು ಮುಚ್ಚಿದ್ರೆ ಅದೇ ಕಾಣುತ್ತೆ, ಹುಲ್ಲಿನ ಮೇಲೆ ಕೆಂಪಗೆ. ಆದರೆ ಅದಕ್ಕೂ ಸೀಟಿಗೂ ಏನು ಸಂಬಂಧ?

ಆ ಸ್ಕ್ರೂಡ್ರೈವರ್ ಯಾಕೆ ಚಾಚ್ತಿದ್ದೀಯ? ಬೇಡ. ಇಟ್ಟುಬಿಡು. ಗೊತ್ತು, ಅಪ್ಪ ಅದರ ತುದಿ ಬೇರಿಂಗಿಗೆ ಒತ್ತಿ, ಹಿಡಿ ಕಿವಿಗೆ ಇಟ್ಕೊಂಡು ಕೇಳ್ತಿದ್ದ. ಡಾಕ್ಟರು ಎದೆ ನೋಡೋ ಹಾಗೆ ಕಣ್ಣು ಮುಚ್ಕೊಂಡು. ಇದು ಚೆನ್ನಾಗಿದೆ, ಇದು ಅಳ್ತಿದೆ, ಇದು ಇನ್ನೊಂದು ವಾರ ಬರುತ್ತೆ ಅಂತ ಹೇಳ್ತಿದ್ದ. ನನಗೂ ಕಲಿಸಿದ್ದ. ಈಗ ಅದೆಲ್ಲ ಬೇಕಾಗಿಲ್ಲ. ನಾನು ಅಂಗೈ ಇಟ್ಟು ನೋಡ್ತೀನಿ. ಬಿಸಿ ಇದ್ರೆ ಒಣಗಿದೆ, ನಡುಗಿದ್ರೆ ಸವೆದಿದೆ. ಕೈಗಿಂತ ದೊಡ್ಡ ಯಂತ್ರ ಉಂಟಾ?

ಹಾಗಾದ್ರೆ ಬಿಚ್ಚಿ ಬದಲಾಯಿಸಿರೋ ಈ ಹಳೇ ಬೇರಿಂಗ್ ಸುಟ್ಟಿದ್ದು ನಿನಗೆ ಯಾಕೆ ಗೊತ್ತಾಗಲಿಲ್ಲ ಅಂತೀಯ. ಅಂತೀಯ ತಾನೆ? ತುಟಿ ಅಲ್ಲಾಡಿಸಿ ಅರ್ಧಕ್ಕೇ ನುಂಗಬೇಡ. ಹೌದು, ಸುಟ್ಟಿದೆ. ನೀಲಿ ಬಣ್ಣಕ್ಕೆ ತಿರುಗಿದೆ ನೋಡು ಉಕ್ಕು. ಓಡ್ತಾ ಇರೋ ಮಷೀನಿಗೆ ಕೈ ಇಡೋಕಾಗುತ್ತಾ? ಸುಡೋ ಮುಂಚೆ ಕಿರಿಚಿರಬೇಕಂತೆ. ಕಿರಿಚಲಿಲ್ಲ ಅದು. ಕಿರಿಚಿದ್ರೆ ನಾನು ಇದ್ದೆನಲ್ಲ ಮೇಲೆ. ಕೆಲವು ಬೇರಿಂಗ್ ಕೆಲವು ಗಂಡಸರ ಹಾಗೆ, ಬಾಯಿ ಬಿಡದೇ ಸಾಯ್ತವೆ. ನಿನ್ನ ಹಾಗೆ.

ಇನ್ನು ಮೊನ್ನೆಯ ವಿಷಯ. ಅದನ್ನ ತೆಗೀಬೇಕು ಅಂತ ನಿಂತಿದ್ದೀಯ, ತೆಗಿ. ತೆಗಿಯಲ್ವಾ? ನಾನೇ ತೆಗೀತೀನಿ. ಮೊನ್ನೆ ನಡು ಹೊಲದಲ್ಲಿ ಮಷೀನು ನಿಂತುಹೋಯ್ತು. ನೀನು ಕೈ ನೋವು ಅಂತ ಮನೆಯಲ್ಲಿದ್ದೆ. ಮೊದಲು ಶಕ್ತಿ ಹೋಯ್ತು. ಎಕ್ಸಿಲರೇಟರ್ ತುಳಿದ್ರೂ ದಿಬ್ಬ ಹತ್ತೋ ಎತ್ತಿನ ಹಾಗೆ ಎಳೀತಾ ಎಳೀತಾ, ಆಮೇಲೆ ತೆವಳೋ ವೇಗ, ಆಮೇಲೆ ಅದೂ ಇಲ್ಲ. ಕೊನೆಗೆ ಟ್ರ್ಯಾಕ್ಟರ್ ತಂದು ಹಗ್ಗ ಕಟ್ಟಿ ರಸ್ತೆ ತನಕ ಎಳೆದ್ರು. ಊರವರೆಲ್ಲ ಬದುವಿನ ಮೇಲೆ ಸಾಲಾಗಿ ನಿಂತಿದ್ರು, ಶವ ಸಾಗಿಸೋದು ನೋಡೋ ಹಾಗೆ. ಒಬ್ಬ ಏನೋ ಅಂದ, ಎಲ್ಲರೂ ನಕ್ಕರು. ಏನಂದ ಅಂತ ನಾನು ಕೇಳೋಕೆ ಹೋಗಲಿಲ್ಲ. ನನಗೆ ಅಲ್ಲೇ ನೆಲ ಬಿರಿದು ಒಳಗೆ ಹೋಗಿಬಿಡೋಣ ಅನ್ನಿಸ್ತು.

ಕಾರಣ ಏನು? ಈ ನೀಲಿ ಮುಚ್ಚಳದ ಟ್ಯಾಂಕು. ಹೊಗೆ ಚೊಕ್ಕ ಮಾಡೋಕೆ ಹಾಕೋ ಯೂರಿಯಾ ನೀರು. ಖಾಲಿ. ಒಣ. ಡೀಸೆಲ್ ಟ್ಯಾಂಕು ತುಂಬಿತ್ತು, ಇದು ಖಾಲಿ. ಇದು ಖಾಲಿಯಾದ್ರೆ ಈಗಿನ ಇಂಜಿನ್ನು ಸತ್ತ ಹಾಗೇ, ಹೊಗೆ ಕೊಳಕಾಗುತ್ತೆ ಅಂತ ತಾನೇ ಕತ್ತು ಹಿಸುಕಿಕೊಳ್ಳುತ್ತೆ. ತುಂಬಿಸೋ ಕೆಲಸ ಯಾರದು? ನಿಂದು. ಗ್ರೀಸ್ ನಿಂದು, ನೀಲಿ ಮುಚ್ಚಳ ನಿಂದು, ಓಡಿಸೋದು ನಂದು. ಹಂಚಿಕೊಂಡು ಮಾಡ್ತಿದ್ದೀವಿ.

ಗೊತ್ತು, ಗೊತ್ತು. ಕೈ ಹಾಗಿದ್ದಾಗ ಹೇಗೆ ತುಂಬಿಸಲಿ ಅಂತೀಯ. ಅಷ್ಟು ಗೊತ್ತಾಗದಷ್ಟು ಕಲ್ಲಲ್ಲ ನಾನು. ಆದರೆ ಅದಕ್ಕೇ ಬಜರ್ ಅಂತ ಒಂದು ಇಟ್ಟಿದ್ದಾರಲ್ಲ ಕ್ಯಾಬಿನ್ನಲ್ಲಿ? ನೀರು ಕಮ್ಮಿಯಾದ್ರೆ ಕೂಗಬೇಕು. ಇನ್ನೂ ಕಮ್ಮಿಯಾದ್ರೆ ಬಿಡದೆ ಕೂಗಬೇಕು. ಕೂಗಲಿಲ್ಲ. ಒಂದು ಸಲ ಕೂಡ ಕೂಗಲಿಲ್ಲ ಅದು. ಕೂಗಿದ್ರೆ ನಾನು ನಿಲ್ಲಿಸಿ ಇಳಿದು ಹುಯ್ತಿರಲಿಲ್ವಾ? ಕ್ಯಾನು ನನ್ನ ಸೀಟಿನ ಹಿಂದೇನೇ ಇತ್ತು. ಬಜರ್ ಕೆಟ್ಟಿದೆ. ಅಷ್ಟೇ ವಿಷಯ, ಇದಕ್ಕೆ ಇಷ್ಟು ದೊಡ್ಡ ಪಂಚಾಯ್ತಿ.

ದೀಪ? ದೀಪ ಉರೀತಿತ್ತೇನೋ. ಆ ಧೂಳಲ್ಲಿ ಗಾಜಿನ ಹಿಂದೆ ಉರಿಯೋ ಕಡಲೆ ಕಾಳಷ್ಟು ದೀಪ ಯಾರಿಗೆ ಕಾಣುತ್ತೆ? ನನ್ನ ಕಣ್ಣು ಹೊಲದ ಮೇಲಿತ್ತು.

ಆಮೇಲೆ ಬಂದನಲ್ಲ ನಿಮ್ಮ ಮೆಕ್ಯಾನಿಕ್. ಥೂ ಅವನ. ಕೊಳಕು ಉಗುರು, ಬಾಯಿ ತುಂಬಾ ಏನೋ ಜಗಿಯೋದು, ಕ್ಯಾಬಿನ್ ಮೆಟ್ಟಿಲ ಮೇಲೇ ಉಗಿದು ಹೋಗಿದ್ದಾನೆ, ಈಗಲೂ ಇದೆ ಕಲೆ. ಒಂದು ಲೋಟದಷ್ಟು ನೀರು ಹುಯ್ದು, ಶೆಡ್ಡಿನ ತನಕ ತಂದು ಬಿಟ್ಟು, ಟ್ಯಾಂಕಿನ ಬಾಯಿ ತೊಳೆದು ಪೂರ್ತಿ ತುಂಬಿಸಿ ಅಂದು ಹೋದ. ಹೋಗೋವಾಗ ನಿನ್ನ ಹೆಂಡ್ತಿ ಹತ್ರ ಹೇಳಿದನಂತೆ, ಬಜರ್ ಸರಿಯಾಗೇ ಇದೆ ಅಂತ. ನನ್ನ ಹತ್ರ ಹೇಳಲಿಲ್ಲ, ಅವಳ ಹತ್ರ ಹೇಳಿದ. ಯಾಕೆ? ಮಷೀನು ಯಾರದು? ಅವನಿಗೆ ಬಜರ್ ರಿಪೇರಿ ಬರಲ್ಲ, ಅದಕ್ಕೆ ಸರಿಯಾಗಿದೆ ಅಂತಾನೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಯಾಕೆ ಹಾಗೆ ನೋಡ್ತೀಯ? ಗಾದೆ ತಪ್ಪಾಯ್ತಾ? ಇಲ್ವಲ್ಲ.

ನೋಡು ಈ ಮುಚ್ಚಳದ ಸುತ್ತ. ಬೆಳ್ಳಗೆ ಉಪ್ಪು ಕಟ್ಟಿದ ಹಾಗೆ ಕಟ್ಟಿದೆ. ಹುಯ್ಯೋವಾಗ ಚೆಲ್ಲಿದ್ದನ್ನ ಒರೆಸದೇ ಬಿಟ್ರೆ ಹೀಗೇ ಹರಳಾಗುತ್ತೆ. ಮೂಸಿ ನೋಡು. ಉಚ್ಚೆ. ಬಸ್ ಸ್ಟ್ಯಾಂಡಿನ ಗೋಡೆ ವಾಸನೆ. ಬೆರಳಲ್ಲಿ ಕೆರೆದ್ರೆ ಪುಡಿ ಪುಡಿ ಉದುರುತ್ತೆ, ಈ ಪುಡಿ ಒಳಗೆ ಬಿದ್ರೆ ಪೈಪು ಕಟ್ಟಿಕೊಳ್ಳುತ್ತೆ. ಅದಕ್ಕೇ ಮೊದಲು ಚೊಕ್ಕ ನೀರಲ್ಲಿ ತೊಳೆದು, ಒರೆಸಿ, ಆಮೇಲೆ ಮುಚ್ಚಳ ತೆಗೀಬೇಕು. ಡೀಸೆಲ್ಲಿನ ಫನಲ್ ಇದಕ್ಕೆ ತಾಗಿಸಬಾರದು, ಒಂದು ಹನಿ ಡೀಸೆಲ್ ಬಿದ್ರೂ ಕೆಡುತ್ತೆ. ಹೋದ ವರ್ಷ ಆ ಹಳ್ಳದಾಚೆಯ ಹೊಲದೋನು ಏನು ಮಾಡಿದ ನೆನಪಿದೆಯಾ? ಇದರಲ್ಲಿ ಇರೋದು ಯೂರಿಯಾ ನೀರೇ ತಾನೆ ಅಂತ, ಹೊಲಕ್ಕೆ ಎರಚೋ ಯೂರಿಯಾ ಬಕೆಟ್ಟಿನಲ್ಲಿ ಕರಗಿಸಿ, ಕೋಲಲ್ಲಿ ತಿರುವಿ, ಸೀರೆ ತುಂಡಲ್ಲಿ ಸೋಸಿ ಹುಯ್ದ. ಬುದ್ಧಿವಂತ. ಪೈಪಿನೊಳಗೆಲ್ಲ ಸುಣ್ಣದ ಹಾಗೆ ಗಟ್ಟಿಯಾಗಿ ಕೂತು, ಇಡೀ ಹೊಗೆ ಪೈಪೇ ಬದಲಾಯಿಸಿದ್ರು. ಮೂಗು ಕೊಯ್ದುಕೊಂಡು ನೆಗಡಿ ವಾಸಿ ಮಾಡ್ಕೊಂಡ ಹಾಗೆ.

ಹೂಂ, ಈಗ ನಕ್ಕೆ. ಬಂತು ನನ್ನ ತಮ್ಮನ ಮುಖಕ್ಕೆ ಒಂದು ಬಣ್ಣ. ಸ್ವಲ್ಪ ಹೊತ್ತು ಹಾಗೇ ಇರು.

ನೋಡು, ನಾನು ನಿನಗೆ ಒಂದು ಮಾತು ಹೇಳ್ತೀನಿ, ಕೋಪ ಮಾಡ್ಕೋಬೇಡ. ನಿನ್ನ ಹೆಂಡ್ತಿ ಒಳ್ಳೇ ಹುಡುಗಿ. ಸ್ಟೇರಿಂಗ್ ಹಿಡಿಯೋ ಕೈ ಇದೆ ಅವಳಿಗೆ, ತಿರುವಿನಲ್ಲಿ ಗಾಬರಿಯಾಗಲ್ಲ, ಟ್ರ್ಯಾಕ್ಟರ್ ಓಡಿಸೋವಾಗ ನೋಡಿದ್ದೀನಿ. ಆದರೆ ಆ ಸೀಟು ಬಿಟ್ರೆ ನಾನು ಯಾರು? ಹೇಳು. ಈ ಮನೆಯಲ್ಲಿ ನಾನು ಯಾರು? ನಿನ್ನ ಹೆಂಡ್ತಿಗೊಬ್ಬಳು ಮದುವೆಯಾಗದ ಅತ್ತಿಗೆ. ಮೂಲೆ ಕೋಣೆ. ಊಟಕ್ಕೆ ಕರೆದ್ರೆ ಬರೋಳು, ಕರೆಯದಿದ್ರೆ... ಕಟಾವಿನ ಕಾಲದಲ್ಲಿ ಊರಿನವರು ಬಾಗಿಲಿಗೆ ಬಂದು "ಅಕ್ಕ ಇದ್ದಾರಾ" ಅಂತಾರಲ್ಲ, ಅದೊಂದಕ್ಕೆ ವರ್ಷ ಪೂರ್ತಿ ಬದುಕಿರ್ತೀನಿ ನಾನು. ಅದನ್ನ ಒಂದು ಕೆಟ್ಟ ಬಜರಿಗೋಸ್ಕರ ಕಿತ್ಕೋಬೇಡ.

ಇಲ್ಲ ಅಂತ ತಲೆ ಆಡಿಸ್ತೀಯ. ಯಾವುದಕ್ಕೆ ಇಲ್ಲ? ಕಿತ್ಕೊಳ್ಳಲ್ಲ ಅಂತಲಾ, ಬಜರ್ ಕೆಟ್ಟಿಲ್ಲ ಅಂತಲಾ?

ಬಜರ್ ಕೆಟ್ಟಿಲ್ಲ ಅಂತ. ಹಾಗಾದ್ರೆ ಮೆಕ್ಯಾನಿಕ್ ಸತ್ಯವಂತ, ಒಡಹುಟ್ಟಿದ ಅಕ್ಕ ಸುಳ್ಳಿ. ಸರಿ. ಈಗಲೇ ತೀರ್ಮಾನ ಆಗಿಬಿಡಲಿ. ಟ್ಯಾಂಕಿನಲ್ಲಿ ಇನ್ನೂ ನೀರು ಹುಯ್ದಿಲ್ಲ. ಅವನು ಹುಯ್ದಿದ್ದ ಲೋಟ ನೀರು ಇಲ್ಲಿಗೆ ಬರೋ ಅಷ್ಟರಲ್ಲಿ ಮುಗಿದಿದೆ. ಖಾಲಿ ಟ್ಯಾಂಕಿಗೆ ಬಜರ್ ಕೂಗಲೇಬೇಕು. ಹತ್ತು ಮೇಲೆ. ಕೀ ಅಲ್ಲೇ ಇದೆ. ಇಂಜಿನ್ ಶುರು ಮಾಡಬೇಡ, ಕೀ ತಿರುಗಿಸು ಸಾಕು. ಹೋಗು. ಆ ಉಗಿದ ಮೆಟ್ಟಿಲ ಮೇಲೆ ಕಾಲಿಡಬೇಡ, ಜಾರುತ್ತೆ. ಒಂದೇ ಕೈಯಲ್ಲಿ ಹತ್ತೋನು, ಜೋಪಾನ.

...ತಿರುಗಿಸಿದ್ಯಾ? ದೀಪ ಹತ್ತಿತು, ಕಂಡೆ. ಹಾಂ. ಇನ್ನು ಇಳಿದು ಬಾ. ಬಂದು ಇಲ್ಲಿ ನನ್ನೆದುರಿಗೆ ನಿಂತ್ಕೋ.

ನೋಡಿದ್ಯಾ? ಈಗ ಹೇಳು. ಎಲ್ಲಿ ಕೂಗ್ತು ನಿನ್ನ ಬಜರ್? ಮೆಕ್ಯಾನಿಕ್ಕಿನ ಬಾಯಲ್ಲಾ? ನಾನು ಹೇಳಲಿಲ್ವಾ? ನಾಳೆ ಅವನನ್ನ ಕರೆಸಿ ಇಲ್ಲೇ ನಿಲ್ಲಿಸಿ ಕೇಳ್ತೀನಿ, ನಿನ್ನ ಹೆಂಡ್ತಿ ಎದುರಿಗೇ ಕೇಳ್ತೀನಿ. ನಾಲ್ಕು ಜನರ ಮುಂದೆ ಹಗ್ಗ ಕಟ್ಟಿ ಎಳೆಸಿಕೊಂಡೆನಲ್ಲ, ಆ ಮಾನ ಅವನು ತಂದುಕೊಡ್ತಾನಾ? ಮಾತಾಡೋ. ಗೆದ್ದೋಳು ನಾನು, ಸೋತೆ ಅಂತ ಒಂದು ಮಾತು ಹೇಳೋಕೆ ನಿನಗೇನು ಕಷ್ಟ? ಹಿಡಿ, ಈ ಕ್ಯಾನಿನ ಬಾಯಿ ಬಿಚ್ಚು, ತುಂಬಿಸಿಬಿಡೋಣ. ಬಜರ್ ಹಾಳಾಗಿ ಹೋಗಲಿ, ಇನ್ಮೇಲೆ ದಿನಾ ಬೆಳಗ್ಗೆ ನಾನೇ ಮುಚ್ಚಳ ತೆಗೆದು ನೋಡ್ತೀನಿ, ಅದರ ಹಂಗೇ ಬೇಡ ನಮಗೆ...

ಯಾಕೋ ಸುಮ್ಮನೆ ನಿಂತಿದ್ದೀಯ?

ಕ್ಯಾನು ಹಿಡಿ ಅಂದೆ. ಯಾಕೆ ಕ್ಯಾಬಿನ್ ಕಡೆ ನೋಡ್ತೀಯ? ಅಲ್ಲೇನಿದೆ? ನನ್ನ ನೋಡು. ತುಟಿ ಹಾಗೆ ಕಚ್ಕೋಬೇಡ. ಬೈ ಬೇಕಾದ್ರೆ. ಏನಾದ್ರೂ ಅನ್ನು.

ಬಾಗಿಲಲ್ಲಿ ಯಾರು? ನಿನ್ನ ಹೆಂಡ್ತಿ. ಬಾ ತಾಯಿ ಬಾ, ನೀನೂ ನೋಡು ಬಾ. ಕೈಯೆಲ್ಲ ಹಿಟ್ಟು, ಕಲಸೋದು ಬಿಟ್ಟು ಓಡಿ ಬಂದಿದ್ದಾಳೆ. ಏನಾಯ್ತು ಇವಳಿಗೆ? ಯಾಕೆ ಹಾಗೆ ಮಣಿಕಟ್ಟಿನಲ್ಲಿ... ಯಾಕೆ ಕಿವಿ ಮುಚ್ಕೊಂಡಿದ್ದಾಳೆ ಇವಳು?

ಯಾಕೋ?

...

ಕೂಗ್ತಾ ಇದೆಯಾ?

ಈಗಲೂ? ಈ ಕ್ಷಣಾನೂ?

ನೀನು ಕೀ ತಿರುಗಿಸಿದಾಗಿಂದಾನೂ? ನಾನು ಇಲ್ಲಿ ನಿಂತು ಗೆದ್ದೆ ಗೆದ್ದೆ ಅಂತ ಇಷ್ಟು ಹೊತ್ತು... ನೀನು ಅದನ್ನ ಕೇಳ್ತಾ ನನ್ನ ಮುಖ ನೋಡ್ತಾ ನಿಂತಿದ್ಯಾ? ಒಂದು ಮಾತು ಹೇಳದೆ? ಥೂ. ಎಂಥ ಅಸಹ್ಯ. ನಿನ್ನಲ್ಲ ಕಣೋ. ನಿನಗಲ್ಲ ಹೇಳಿದ್ದು.

ಮೊನ್ನೆ ಆ ಜನ ನಕ್ಕಿದ್ದು ಅದಕ್ಕೇನಾ. ಅದು ಕೂಗ್ತಾ ಇತ್ತು, ನಾನು ಮೇಲೆ ನೆಟ್ಟಗೆ ಕೂತಿದ್ದೆ.

ತಡಿ. ತಡಿ, ಹೋಗಬೇಡ. ಆರಿಸೋದು ಆಮೇಲೆ, ಅದು ಕೂಗಿದ್ರೂ ನನಗೇನು. ಒಂದು ಕೇಳ್ತೀನಿ, ಹೇಳಿ ಹೋಗು. ಆವತ್ತು... ತಮ್ಮಾ, ಆವತ್ತು ಬೆರಳು ಹೋದಾಗ. ಕೂಗಲಿಲ್ಲ, ನೀನು ಕೂಗಲಿಲ್ಲ ಅಂತ ಇಷ್ಟು ದಿನ ನಾನು ಹೇಳ್ಕೊಂಡು ಬಂದೆ. ನೀನೂ ಹೌದು ಅಂದೆ. ಡಾಕ್ಟರಿಗೂ ಹಾಗೇ ಅಂದೆ. ಕೂಗಿದ್ಯಾ ನೀನು? ನಿಲ್ಲಿಸು ಅಂತ ಕೂಗಿದ್ಯಾ? ಎಷ್ಟು ಸಲ ಕೂಗಿದೆ?

ಹೇಳೋ. ಬೈಯಲ್ಲ. ಎಷ್ಟು ಸಲ?

ಆ ಕಡೆ ತಿರುಗಬೇಡ ಕಣೋ. ಅಳೋದಾದ್ರೂ ಈ ಕಡೆ ತಿರುಗಿ ಅಳು, ಹೇಳೋದಾದ್ರೂ ಈ ಕಡೆ ತಿರುಗಿ ಹೇಳು. ನೀನು ಅತ್ತ ಮುಖ ಮಾಡಿದ್ರೆ ನನಗೆ ಕೇಳಿಸಲ್ಲ.